ಟೆಸ್ಟ್ ಪಾಸ್ ಆಯ್ತು ಅಂದೆಯಲ್ಲ, ಅದಕ್ಕೇ ಈ ಪತ್ರ

ಪ್ರೀತಿಯ ಪುಟ್ಟಿ,

ಮೂರು ಸರ್ವರ್‌ಗಳಲ್ಲಿ ಒಂದೇ ಡೇಟಾ ಇಡುವ ಕೆಲಸ ಸಿಕ್ಕಿದೆ, ಟೆಸ್ಟ್ ಎಲ್ಲಾ ಪಾಸ್ ಆಗಿವೆ ಮಾವ ಅಂತ ನೀನು ಮೊನ್ನೆ ಪುಣೆಯ ಹಿಂಜವಡಿಯಿಂದ ಫೋನ್ ಮಾಡಿದ್ದೆ. ಖುಷಿಯಾಯಿತು. ಆದರೆ ರಾತ್ರಿ ನಿದ್ದೆ ಬರಲಿಲ್ಲ.

ಮುಂಬೈಯಲ್ಲಿ ನಾವೂ ಹೀಗೇ ನಂಬಿದ್ದೆವು. ಒಂದು ಮಳೆಗಾಲದ ರಾತ್ರಿ ಸರ್ವರ್‌ಗಳ ನಡುವಿನ ಲೈನ್ ಕಡಿದುಹೋಯಿತು. ಆ ಕಡೆ ಹೊಸ ಲೀಡರ್, ಅಂದರೆ ಉಳಿದವನ್ನು ಮುನ್ನಡೆಸುವ ಸರ್ವರ್, ಆಯ್ಕೆಯಾಗಿತ್ತು, ಹಳೇ ಲೀಡರ್‌ಗೆ ಅದು ಗೊತ್ತೇ ಇಲ್ಲ, ಯಾರಾದರೂ ಬ್ಯಾಲೆನ್ಸ್ ಕೇಳಿದರೆ ಉಳಿದವರನ್ನು ವಿಚಾರಿಸದೆ ತನ್ನ ಹತ್ತಿರ ಇದ್ದ ಹಳೇ ಲೆಕ್ಕವನ್ನೇ ಕೊಡುತ್ತಿತ್ತು. ಹಣ ಕಟ್ಟಿದವರು ಗಾಬರಿಯಾಗಿದ್ದರು. ನಮ್ಮ ಯಾವ ಟೆಸ್ಟ್‌ನಲ್ಲೂ ಅದು ಒಂದು ಸಲವೂ ಕಂಡಿರಲಿಲ್ಲ.

ಅದಕ್ಕೇ ಹೇಳ್ತೀನಿ, ಕೋಡ್‌ಗಿಂತ ಮೊದಲು ‘ಸರಿ’ ಅಂದರೆ ಏನು ಅಂತ ಬರೆದಿಡು. ಕಂಪ್ಯೂಟರ್ ವಿಜ್ಞಾನಿಗಳಾದ ಹರ್ಲಿಹಿ ಮತ್ತು ವಿಂಗ್ 1990ರಲ್ಲಿ ಲೀನಿಯರೈಸಬಿಲಿಟಿ ಅಂತ ಹೇಳಿದ್ದು ಇದನ್ನೇ: ಪ್ರತಿ ಕೆಲಸವೂ ಅದು ಶುರುವಾಗಿ ಮುಗಿಯುವುದರೊಳಗೆ ಯಾವುದೋ ಒಂದು ಕ್ಷಣದಲ್ಲಿ ನಡೆದ ಹಾಗೆ ಕಾಣಬೇಕು. ನಾನು ಹಣ ಕಟ್ಟಿ ಮುಗಿಸಿದ ಮೇಲೆ ನೀನು ನೋಡಿದರೆ ಹೊಸ ಲೆಕ್ಕವೇ ಕಾಣಬೇಕು, ಅಲ್ವಾ?

ಆಮೇಲೆ ಲ್ಯಾಂಪೋರ್ಟ್ ಅವರ ಟಿಎಲ್‌ಎ ಪ್ಲಸ್ ಕಲಿ, ಸಿಸ್ಟಮ್ ಹೇಗೆ ನಡೆಯಬೇಕು ಅಂತ ಗಣಿತದ ಹಾಗೆ ಬರೆದಿಡುವ ಭಾಷೆ ಅದು. ಮೂರು ಸರ್ವರ್, ಎರಡು ರೈಟ್ (ಡೇಟಾ ಬರೆಯುವುದು), ಒಂದು ಕ್ರ್ಯಾಶ್, ಅಷ್ಟೇ ಚಿಕ್ಕ ಮಾದರಿ ಸಾಕು. ಅದರಲ್ಲಿ ಯಾವ ಮೆಸೇಜ್ ಮೊದಲು ಬಂದರೂ, ಯಾವುದು ಕಳೆದುಹೋದರೂ, ಎಲ್ಲಾ ದಾರಿಯನ್ನೂ ಮಾಡೆಲ್ ಚೆಕರ್ ಅನ್ನುವ ಪ್ರೋಗ್ರಾಂ ಹುಡುಕಿ ನೋಡುತ್ತದೆ. ತಮ್ಮ ಡೇಟಾಬೇಸ್ ಡೈನಮೋಡಿಬಿಯಲ್ಲಿ ಡೇಟಾ ಕಳೆದುಹೋಗಬಹುದಾಗಿದ್ದ ಒಂದು ತಪ್ಪು ಹೀಗೇ ಸಿಕ್ಕಿತು ಅಂತ ಅಮೆಜಾನ್‌ನವರು 2015ರಲ್ಲಿ ಬರೆದಿದ್ದಾರೆ. ಅದನ್ನು ತಲುಪುವ ಅತಿ ಚಿಕ್ಕ ದಾರಿಗೇ 35 ಹೆಜ್ಜೆ. ಡಿಸೈನ್ ರಿವ್ಯೂ, ಕೋಡ್ ರಿವ್ಯೂ, ಟೆಸ್ಟಿಂಗ್ ಎಲ್ಲವನ್ನೂ ದಾಟಿ ಬಂದ ತಪ್ಪು ಅದು. 35 ಹೆಜ್ಜೆಯನ್ನು ಯಾರು ತಾನೇ ತಲೆಯಲ್ಲಿ ಊಹಿಸಲು ಸಾಧ್ಯ?

ಸರ್ವರ್ ಸೇರಿಸುವುದು, ತೆಗೆಯುವುದನ್ನು ಮಾದರಿಯಿಂದ ಬಿಡಬೇಡ. ಸುಲಭ ಅನ್ನಿಸುತ್ತದೆ, ಆದರೆ ಸರ್ವರ್‌ಗಳೆಲ್ಲ ಒಂದೇ ಲೆಕ್ಕಕ್ಕೆ ಒಪ್ಪುವಂತೆ ಮಾಡುವ ರಾಫ್ಟ್ ಅನ್ನುವ ಕ್ರಮವಿದೆಯಲ್ಲ, ಅದರಲ್ಲಿ ಒಂದೊಂದೇ ಸರ್ವರ್ ಬದಲಿಸುವ ವಿಧಾನದಲ್ಲೇ 2015ರಲ್ಲಿ ತಪ್ಪು ಕಂಡುಬಂತು. ಹೊಸ ಲೀಡರ್ ತನ್ನ ಅವಧಿಯ ಒಂದು ಎಂಟ್ರಿಯನ್ನಾದರೂ ಕಮಿಟ್ ಮಾಡುವ (ಅರ್ಧಕ್ಕಿಂತ ಹೆಚ್ಚು ಸರ್ವರ್‌ಗಳಲ್ಲಿ ಬರೆದು ಖಚಿತಪಡಿಸುವ) ತನಕ ಸದಸ್ಯರನ್ನು ಬದಲಿಸಬಾರದು ಅಂತ ಸರಿಪಡಿಸಿದರು.

ಮಾದರಿ ಸರಿ ಇದ್ದರೂ ಕೋಡ್ ಅದರಂತೆಯೇ ನಡೆಯುತ್ತದೆ ಅನ್ನುವ ಹಾಗಿಲ್ಲ. ಜೆಪ್ಸೆನ್ ಅನ್ನುವ ಪರೀಕ್ಷಾ ಸಾಧನದ ತರಹ ನೆಟ್‌ವರ್ಕ್ ಕತ್ತರಿಸಿ, ಬಂದ ಉತ್ತರಗಳನ್ನೆಲ್ಲ ದಾಖಲಿಸಿ ಪರೀಕ್ಷಿಸು. ದಾಖಲೆ ಉದ್ದವಾದರೆ ಪರೀಕ್ಷೆ ಮುಗಿಯುವುದೇ ಇಲ್ಲ, ಒಂದೊಂದು ಕೀ (ಡೇಟಾದ ಒಂದೊಂದು ಹೆಸರು) ಬೇರೆ ಮಾಡಿ ನೋಡು.

ಇದಕ್ಕೆಲ್ಲ ಮ್ಯಾನೇಜರ್ ಎರಡು ವಾರ ಕೊಡಲ್ಲ ಅಂದರೆ ಸುಮ್ನೆ ಬಿಡಬೇಡ, ಕೇಳು. ಶನಿವಾರ ಬೆಳಗ್ಗೆ ಡೆಕ್ಕನ್ ಕ್ವೀನ್ ಹಿಡಿದು ಬಾ, ದಾದರ್‌ನಲ್ಲಿ ಕಾಯುತ್ತಿರುತ್ತೇನೆ. ಅತ್ತೆ ನಿನಗೆ ಅಂತ ಅಕ್ಕಿರೊಟ್ಟಿ ಮಾಡ್ತಾಳೆ. ಮೊದಲ ಸ್ಪೆಕ್, ಅಂದರೆ ಆ ಮಾದರಿಯ ಬರಹ, ಇಬ್ಬರೂ ಕೂತು ಬರೆಯೋಣ.

ನಿನ್ನ ಮಾವ,
ಮಾಟುಂಗಾ