ಟವಲಿನ ಕೆಳಗಿದ್ದ ಕೈ

ಇಂಡಿಯಾನಾ
ಜನವರಿ 28

ತೀರ್ಥರೂಪು ಅಪ್ಪನವರಿಗೆ,

ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಮ್ಮ, ಅಕ್ಕ, ಭಾವ, ಪುಟ್ಟಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿಮ್ಮ ಕ್ಷೇಮವನ್ನು ಮಾತ್ರ ಸುಮ್ಮನೆ ನಂಬಿಕೊಂಡು ಕೂರುವ ಹಾಗಿಲ್ಲವೆಂದು ಮೊನ್ನೆ ತಿಳಿಯಿತು.

ಅಮ್ಮ ಕಳುಹಿಸಿದ ಪಾರ್ಸೆಲ್ ಮಂಗಳವಾರ ಬಂದಿತು. ಹಪ್ಪಳ ಅರ್ಧಕ್ಕರ್ಧ ಪುಡಿಯಾಗಿದೆ, ಕೊಬ್ಬರಿ ಮಿಠಾಯಿ ಚೆನ್ನಾಗಿದೆ. ಚಟ್ನಿಪುಡಿ ಡಬ್ಬಿಯ ಕೆಳಗೆ ಅಕ್ಕನ ಚೀಟಿ ಇತ್ತು. ನಮ್ಮ ಎಂಜಿನ್ ಅಂಗಡಿಯ ಲೇತಿನ ಬೆಲ್ಟಿಗೆ ಸಿಕ್ಕಿ ನಿಮ್ಮ ಎಡಗೈಯ ಎರಡು ಬೆರಳು ಹೋಗಿವೆ ಎಂದೂ, ಅದಾಗಿ ತಿಂಗಳು ಕಳೆದಿದೆ ಎಂದೂ, ನನಗೆ ಹೇಳಬಾರದೆಂದು ನೀವು ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದೀರಿ ಎಂದೂ ಬರೆದಿದ್ದಾಳೆ. ಅವಳನ್ನು ಬೈಯಬೇಡಿ. ಅವಳು ಬರೆಯದಿದ್ದರೆ ನಾನು ಅವಳ ಮುಖ ನೋಡುತ್ತಿರಲಿಲ್ಲ.

ನಾಲ್ಕು ಭಾನುವಾರ ವಿಡಿಯೋ ಕರೆಯಲ್ಲಿ ಮಾತನಾಡಿದ್ದೇವೆ. ನಾಲ್ಕು ಸಲವೂ ನಿಮ್ಮ ತೊಡೆಯ ಮೇಲೆ ಆ ನೀಲಿ ಅಂಚಿನ ಟವಲು ಇತ್ತು, ಎಡಗೈ ಅದರ ಕೆಳಗಿತ್ತು. ನಾನು ನೋಡಿದೆ, ಆದರೂ ಕೇಳಲಿಲ್ಲ. ಚಳಿಗೆ ಹಾಗೆ ಕೂತಿದ್ದೀರೆಂದುಕೊಂಡೆ. ಎಂಜಿನ್ ಬೇರಿಂಗಿನ ಮೇಲಿನ ಒಂದು ಗೀರು ನನ್ನ ಕಣ್ಣಿಗೆ ಬೀಳುತ್ತದೆ, ಅಪ್ಪನ ಕೈ ಕಾಣಲಿಲ್ಲವಲ್ಲ ಎಂದು ಎರಡು ರಾತ್ರಿ ನಿದ್ದೆ ಬರಲಿಲ್ಲ.

ಬೆರಳು ಹೋದದ್ದಕ್ಕಿಂತ ನನ್ನನ್ನು ಹೆದರಿಸಿದ್ದು ಅಕ್ಕನ ಕೊನೆಯ ಸಾಲು. ಗಾಯ ಇನ್ನೂ ಒಣಗಿಲ್ಲವಂತೆ, ನೀವು ಡ್ರೆಸ್ಸಿಂಗಿಗೆ ಹೋಗುವುದನ್ನು ನಿಲ್ಲಿಸಿದ್ದೀರಂತೆ. ಅಪ್ಪ, ನಿಮಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಸಕ್ಕರೆ ಇರುವವರ ಗಾಯ ಮೇಲೆ ಮುಚ್ಚಿದಂತೆ ಕಂಡರೂ ಒಳಗೆ ಕೀವು ಕಟ್ಟಿರಬಹುದು. ಅರಿಶಿನ ಹಚ್ಚಿ ಬಟ್ಟೆ ಸುತ್ತಿದರೆ ಸಾಲದು. ಚಿಕ್ಕಪ್ಪನ ಕಾಲಿಗೆ ಏನಾಯಿತೆಂದು ನಾನು ನೆನಪಿಸಬೇಕಾಗಿಲ್ಲ. ಈ ಪತ್ರ ತಲುಪಿದ ದಿನವೇ ಭಾವನ ಜೊತೆ ತುಮಕೂರಿಗೆ ಹೋಗಿ, ಮೂರು ತಿಂಗಳ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ. ಅಕ್ಕನ ಖಾತೆಗೆ ಒಂದು ಲಕ್ಷ ಹಾಕಿದ್ದೇನೆ. ಇನ್ನೂ ಬೇಕಾದರೆ ಹಾಕುತ್ತೇನೆ. ದುಡ್ಡಿನ ಯೋಚನೆ ಬೇಡವೇ ಬೇಡ.

ಈಗ ನನ್ನ ವಿಷಯ. ಅಮ್ಮನಿಗೆ ಮತ್ತೊಮ್ಮೆ ಹೇಳಿ: ನಾನು ರೇಸು ಕಾರು ಓಡಿಸುವುದಿಲ್ಲ, ಅದರೊಳಗೆ ಕೂರುವುದೂ ಇಲ್ಲ. ನಾನು ಎಂಜಿನ್ ಕಟ್ಟುವವನು. ಓಡಿಸುವವರಿಗೂ ಸುತ್ತ ಕಬ್ಬಿಣದ ಪಂಜರವಿದೆ, ಎದೆ, ಸೊಂಟ, ತೊಡೆಗಳಿಗೆ ಬೆಲ್ಟ್ ಇದೆ, ಕಾರು ಮಗುಚಿದರೆ ಕೈ ಹೊರಗೆ ಬಾರದಂತೆ ತೋಳಿಗೂ ಪಟ್ಟಿ ಇದೆ. ನಾನು ನಿಲ್ಲುವುದು ಕಾರು ಸಜ್ಜು ಮಾಡುವ ಪಿಟ್ಟಿನಲ್ಲಿ, ಬೇಲಿಯ ಈಚೆ. ನನಗೆ ಏನೂ ಆಗುವುದಿಲ್ಲ. ಊಟವೂ ಸರಿಯಾಗಿದೆ, ಅನ್ನ ಸಾರು ನಾನೇ ಮಾಡಿಕೊಳ್ಳುತ್ತೇನೆ. ಚಳಿಗೆ ಎರಡು ಕೋಟು ಇವೆ.

ಇವು ಆಟಿಕೆ ಕಾರುಗಳೆಂದು ಚಿಕ್ಕಪ್ಪ ಹೇಳಿದರಂತೆ. ನಮ್ಮ ರೇಸು ಕಾರುಗಳಿಗಿರುವ ಮಿಜೆಟ್, ಅಂದರೆ ಕುಳ್ಳ, ಎಂಬ ಹೆಸರು ಕೇಳಿ ಹಾಗೆಂದುಕೊಂಡಿರಬೇಕು. ಕಾರಿನ ತೂಕ 400 ಕಿಲೋ ಆಸುಪಾಸು, ಎಂಜಿನ್ ನಾಲ್ಕೇ ಸಿಲಿಂಡರಿನದು, ಶಕ್ತಿ ಮಾತ್ರ 350 ಹಾರ್ಸ್ ಪವರಿಗಿಂತ ಹೆಚ್ಚು. ಊರಿನ ನಮ್ಮ ಅಂಗಡಿಗೆ ಬರುವ 50 ಹಾರ್ಸ್ ಪವರಿನ ಏಳು ಟ್ರ್ಯಾಕ್ಟರುಗಳ ಶಕ್ತಿಯನ್ನು ಒಂದು ಎಮ್ಮೆಯ ತೂಕದ ಗಾಡಿಗೆ ತುಂಬಿದಂತೆ. 1959ರಲ್ಲಿ ಇಂಡಿಯಾನಾಪೊಲಿಸ್ 500 ಎಂಬ ಇಲ್ಲಿನ ದೊಡ್ಡ ರೇಸು ಗೆದ್ದ ರಾಡ್ಜರ್ ವಾರ್ಡ್, ಅದೇ ವರ್ಷ ಲೈಮ್ ರಾಕ್ ಎಂಬಲ್ಲಿ ಇಂಥದೇ ಮಿಜೆಟ್ ಕಾರಿನಲ್ಲಿ ಕೂತು ಆ್ಯಸ್ಟನ್ ಮಾರ್ಟಿನ್, ಮಸೆರಾಟಿ ಎಂಬ ಯುರೋಪಿನ ರೇಸು ಕಾರುಗಳನ್ನು ಹಿಂದೆ ಹಾಕಿದರು. ಇದನ್ನು ಚಿಕ್ಕಪ್ಪನಿಗೆ ಓದಿ ಹೇಳಿ.

ಆ ಕಾರಿನಲ್ಲಿದ್ದದ್ದು ಆಫನ್‌ಹೌಸರ್ ಎಂಜಿನ್. ಅಂಥದ್ದೊಂದು ಹಳೆಯ ಎಂಜಿನ್ ನಾನು ಕೆಲಸ ಮಾಡುವ ಇಲ್ಲಿನ ಅಂಗಡಿಯ ಮೂಲೆಯಲ್ಲಿದೆ, ಒರೆಸಿಡುವ ಕೆಲಸ ನನ್ನದು. ನೀವು ಅದನ್ನು ನೋಡಬೇಕಿತ್ತು ಅಪ್ಪ. ಹೆಡ್ಡೂ ಬ್ಲಾಕೂ ಒಂದೇ ಎರಕ, ಬೇರೆ ಬೇರೆ ಅಲ್ಲ. ಎರಡರ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಎಂಬುದೇ ಇಲ್ಲ, ಇಲ್ಲದ ಮೇಲೆ ಸುಡುವ ಮಾತೂ ಇಲ್ಲ. ವಾಲ್ವ್ ಸೀಟು ತಿದ್ದಬೇಕಾದರೆ ಸಿಲಿಂಡರಿನ ಒಳಗಿನಿಂದಲೇ ಕೆಲಸ ಮಾಡಬೇಕು. ಬಾವಿಯ ತಳಕ್ಕೆ ಕೈ ಇಳಿಬಿಟ್ಟು ಕೆತ್ತಿದ ಹಾಗೆ. 1930ರ ದಶಕದಲ್ಲಿ ಮಿಜೆಟ್ ಕಾರುಗಳಿಗೆಂದೇ ಮಾಡಿದ ಎಂಜಿನ್ ಇದು, ಮುಂದೆ ದಶಕಗಟ್ಟಲೆ ಗೆದ್ದಿತು.

ಈಗಿನ ಎಂಜಿನ್ನುಗಳೂ ನಿಮಗೆ ಇಷ್ಟವಾಗುತ್ತವೆ. ಕುಡಿಯುವುದು ಮೆಥನಾಲ್ ಎಂಬ ಮದ್ಯಸಾರ, ಪೆಟ್ರೋಲಿನ ಎರಡರಷ್ಟು ಬೇಕು. ಕಾರಿಗೆ ಸೆಲ್ಫ್ ಇಲ್ಲ, ಕ್ಲಚ್ ಇಲ್ಲ. ಹಿಂದಿನಿಂದ ಒಂದು ಟ್ರಕ್ ತಳ್ಳುತ್ತದೆ, ಆಯಿಲ್ ಪ್ರೆಷರ್ ಏರಿದ ಮೇಲೆ ಡ್ರೈವರ್ ಸ್ವಿಚ್ ಹಾಕುತ್ತಾನೆ. ಸಂತೆ ಬೀದಿಯಲ್ಲಿ ನಿಮ್ಮ ಹಳೆಯ ಜೀಪನ್ನು ನಾವೆಲ್ಲ ತಳ್ಳುತ್ತಿದ್ದೆವಲ್ಲ, ಹಾಗೆಯೇ. ಇಂಧನ ಎಷ್ಟು ಹೋಗಬೇಕೆಂಬುದನ್ನು ಅಂಗಿಯ ಗುಂಡಿಯಷ್ಟು ಚಿಕ್ಕದೊಂದು ತೂತಿನ ಜೆಟ್ ತೀರ್ಮಾನಿಸುತ್ತದೆ. ಇಲ್ಲಿಯವರು ಅದನ್ನು ಪಿಲ್ ಎನ್ನುತ್ತಾರೆ, ಅಂದರೆ ಮಾತ್ರೆ. ದೊಡ್ಡ ತೂತಿನ ಮಾತ್ರೆ ಹಾಕಿದರೆ ಹೆಚ್ಚು ಮೆಥನಾಲ್ ಟ್ಯಾಂಕಿಗೇ ಹಿಂದಿರುಗುತ್ತದೆ, ಎಂಜಿನ್ನಿಗೆ ಕಡಿಮೆ ಸಿಗುತ್ತದೆ. ಹವೆ ನೋಡಿ ಮಾತ್ರೆ ಬದಲಿಸಬೇಕು, ತಪ್ಪಿದರೆ ಪಿಸ್ಟನ್ ಕರಗುತ್ತದೆ. ನಿಮ್ಮ ಮಾತ್ರೆಯನ್ನೂ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ ಅಪ್ಪ, ಬೆಳಗಿನದನ್ನು ಬಿಡುತ್ತೀರೆಂದು ಅಕ್ಕ ಬರೆದಿದ್ದಾಳೆ.

ಈ ತಿಂಗಳು ಓಕ್ಲಹೋಮಾದ ಟಲ್ಸಾಕ್ಕೆ ಹೋಗಿದ್ದೆವು. ಅಲ್ಲಿ 1987ರಿಂದ ಪ್ರತಿ ಜನವರಿ ಚಿಲಿ ಬೌಲ್ ಎಂಬ ರೇಸು ನಡೆಯುತ್ತದೆ. ದೊಡ್ಡ ಕಟ್ಟಡವೊಂದರ ಒಳಗೆ ಮಣ್ಣು ಸುರಿದು ಟ್ರ್ಯಾಕ್ ಮಾಡುತ್ತಾರೆ, ಅದೇ ಸೂರಿನಡಿ ಮುನ್ನೂರಕ್ಕೂ ಹೆಚ್ಚು ಕಾರು. ಮಣ್ಣನ್ನು ನೋಡಿ ನನಗೆ ಅಜ್ಜನ ಕಣ ನೆನಪಾಯಿತು. ನೀರು ಚಿಮುಕಿಸುತ್ತಾರೆ, ಅಜ್ಜ ರೋಣಗಲ್ಲು ಹೊಡೆಯುತ್ತಿದ್ದಂತೆ ಗಾಡಿಗಳನ್ನು ಸುತ್ತಿಸಿ ತುಳಿಸುತ್ತಾರೆ, ಮತ್ತೆ ನೀರು. ಮೊದಲು ಜಿಗುಟಾಗಿರುವ ನೆಲ ರಾತ್ರಿ ಏರಿದಂತೆ ಒಣಗಿ ನುಣ್ಣಗಾಗುತ್ತದೆ. ಆಗ ಬರೀ ಬಲವಿದ್ದ ಎಂಜಿನ್ ಚಕ್ರ ತಿರುಗಿಸಿಕೊಂಡು ನಿಲ್ಲುತ್ತದೆ, ಕೆಳಗಿನ ವೇಗದಲ್ಲಿ ಮೆತ್ತಗೆ ಎಳೆಯುವ ಎಂಜಿನ್ ಮುಂದೆ ಹೋಗುತ್ತದೆ. ನಮ್ಮ ಯಜಮಾನರು ರೇಸು ನೋಡುವುದಿಲ್ಲ, ಕೇಳುತ್ತಾರೆ. ಎರಡನೆಯ ತಿರುವಿನ ಹೊರಗೆ ಬೇಲಿ ಹಿಡಿದು ತಲೆ ಬಗ್ಗಿಸಿ ನಿಂತು, ಇಪ್ಪತ್ತನಾಲ್ಕು ಎಂಜಿನ್ನುಗಳ ಗದ್ದಲದಲ್ಲಿ ತಮ್ಮದನ್ನು ಹೆಕ್ಕುತ್ತಾರೆ. ಕೆಮ್ಮಿನಿಂದಲೇ ಅದು ಯಾರ ಟ್ರ್ಯಾಕ್ಟರ್ ಎಂದು ಹೇಳುತ್ತೀರಲ್ಲ, ನಿಮ್ಮ ನೆನಪು ಬಂದಿತು. ನಮ್ಮ ಡ್ರೈವರ್ ಹುಡುಗನಿಗೆ ಹತ್ತೊಂಬತ್ತು ವರ್ಷ. ಮೈಯೆಲ್ಲ ಮಣ್ಣಾಗಿ ಇಳಿದು ಬಂದವನೇ, ನಾಲ್ಕನೆಯ ತಿರುವು ಬಿಡುವಾಗ ಎಂಜಿನ್ ಅರೆಗಳಿಗೆ ಯೋಚಿಸುತ್ತದೆ ಎಂದ. ಯಜಮಾನರು ಮಾತ್ರೆ ಬದಲಿಸಿದರು, ಮುಂದಿನ ರೇಸಿನಲ್ಲಿ ಅವನು ಮೂರು ಸ್ಥಾನ ಮೇಲೇರಿದ. ಓಡಿಸುವವನ ಮಾತನ್ನು ಕಟ್ಟುವವನು ನಂಬಬೇಕು, ಕಟ್ಟುವವನು ಒಳಗೆ ಏನಿಟ್ಟಿದ್ದಾನೋ ಅದನ್ನು ಓಡಿಸುವವನು ನಂಬಬೇಕು. ಈ ನಂಟನ್ನು ನೋಡುವುದಕ್ಕೇ ನಾನು ಇಲ್ಲಿದ್ದೇನೆ, ಸಂಬಳಕ್ಕಷ್ಟೇ ಅಲ್ಲ.

ಅಕ್ಕನ ಚೀಟಿ ಓದಿದ ಮರುದಿನ ನಾನು ಆಯಿಲ್ ಫಿಲ್ಟರ್ ಕತ್ತರಿಸುತ್ತಿದ್ದೆ. ರೇಸು ಮುಗಿಸಿ ಬಂದ ಎಂಜಿನ್ನಿನ ಫಿಲ್ಟರನ್ನು ಸುತ್ತ ಕತ್ತರಿಸಿ, ಒಳಗಿನ ಕಾಗದವನ್ನು ಮಡಿಕೆ ಮಡಿಕೆಯಾಗಿ ಬಿಡಿಸಿ, ದೀಪದ ಕೆಳಗೆ ಹಿಡಿದು ಮಿನುಗು ಹುಡುಕಬೇಕು. ಬೇರಿಂಗ್ ಸವೆದಿದ್ದರೆ ಲೋಹದ ಸಣ್ಣ ಚೂರುಗಳು ಜರಿಯಂತೆ ಹೊಳೆಯುತ್ತವೆ. ಒಂದೇ ಮಡಿಕೆಯನ್ನು ಹಿಡಿದು ನಾನು ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು, ಯಜಮಾನರು ಬಂದು ಏನಾಯಿತೆಂದು ಕೇಳಿದರು. ಹೇಳಿದೆ. ಅವರು ಸಮಾಧಾನದ ಮಾತು ಆಡಲಿಲ್ಲ, ಸ್ಟೂಲು ಎಳೆದುಕೊಂಡು ಕೂತು ಮೆಲ್ ಕೆನ್ಯನ್ ಎಂಬವರ ಕಥೆ ಹೇಳಿದರು.

ಕೆನ್ಯನ್ ಮಿಜೆಟ್ ಡ್ರೈವರ್, 1964ರ ರಾಷ್ಟ್ರೀಯ ಚಾಂಪಿಯನ್. ಮರುವರ್ಷ ಲ್ಯಾಂಗ್‌ಹಾರ್ನ್ ಎಂಬಲ್ಲಿ ದೊಡ್ಡ ಕಾರುಗಳ ರೇಸಿನಲ್ಲಿ ಬೆಂಕಿಗೆ ಸಿಕ್ಕಿದರು, ಎಡಗೈಯ ಬೆರಳುಗಳೆಲ್ಲ ಹೋದವು. ಎರಡಲ್ಲ ಅಪ್ಪ, ಎಲ್ಲ. (ಈ ಭಾಗವನ್ನು ಅಮ್ಮನಿಗೆ ಓದಬೇಡಿ.) ಅವರ ತಂದೆ ಮತ್ತು ಸಹೋದರ ಡಾನ್ ಸೇರಿ ಒಂದು ಕೈಗವಸು ಮಾಡಿಕೊಟ್ಟರು. ಅಂಗೈಯಲ್ಲಿ ರಬ್ಬರಿನ ಗೂಡು, ಸ್ಟೀರಿಂಗಿನ ಮೇಲೆ ಒಂದು ಗೂಟ. ಗೂಡನ್ನು ಗೂಟಕ್ಕೆ ಸಿಕ್ಕಿಸಿದರೆ ಚಕ್ರ ತಿರುಗುತ್ತದೆ, ಅಷ್ಟೇ ಉಪಾಯ. ಮರುವರ್ಷವೇ ಇಂಡಿಯಾನಾಪೊಲಿಸ್ 500ರಲ್ಲಿ ಐದನೆಯವರಾದರು, 1968ರಲ್ಲಿ ಮೂರನೆಯವರಾದರು. ಮಿಜೆಟ್ ಚಾಂಪಿಯನ್ ಪಟ್ಟ ಒಟ್ಟು ಏಳು ಸಲ, ಅದರಲ್ಲಿ ಆರು ಆ ಬೆಂಕಿಯ ನಂತರದವು. ಯಜಮಾನರು ಚಿಕ್ಕಂದಿನಲ್ಲಿ ಆ ರೇಸುಗಳನ್ನು ಕಣ್ಣಾರೆ ನೋಡಿದ್ದಾರೆ. ಕೈಗವಸು ಹೇಗಿತ್ತೆಂದು ಫಿಲ್ಟರಿನ ರಟ್ಟಿನ ಪೆಟ್ಟಿಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದು ತೋರಿಸಿದರು. ಆ ರಟ್ಟನ್ನು ಇದರೊಂದಿಗೆ ಇಟ್ಟಿದ್ದೇನೆ.

ಸಿಲಿಂಡರ್ ಕೊರೆಯುವ ಬೋರಿಂಗ್ ಮಷಿನನ್ನು ಅರಸೀಕೆರೆಯವರಿಗೆ ಕೊಟ್ಟುಬಿಡುವ ಮಾತು ನಡೆದಿದೆಯೆಂದು ಅಕ್ಕ ಬರೆದಿದ್ದಾಳೆ. ಮುಂಗಡ ತೆಗೆದುಕೊಂಡಿದ್ದರೆ ಹಿಂದಿರುಗಿಸಿ. ಸಿಲಿಂಡರಿನ ಒಳ ಅಳತೆ ನೋಡುವ ಬೋರ್ ಗೇಜ್ ಹಿಡಿಯಲು ಎರಡು ಕೈ ಬೇಕು ನಿಜ. ಆದರೆ ಅಳತೆ ಓದುವ ಕಣ್ಣು ಇದೆ, ಎಣ್ಣೆಯನ್ನು ಉಜ್ಜಿ ನೋಡುವ ಬಲಗೈ ಇದೆ. ಬ್ಲಾಕ್ ಎತ್ತಿ ಕೂರಿಸುವುದನ್ನು ರಂಗ ಮಾಡಲಿ. ಗೇಜನ್ನು ಎಡ ಅಂಗೈಗೆ ಕಟ್ಟಿಕೊಳ್ಳುವ ಹಾಗೆ ಏನಾದರೂ ಮಾಡೋಣ. ಯಜಮಾನರು ತಾವೂ ಕೈ ಹಾಕುತ್ತೇನೆ ಎಂದಿದ್ದಾರೆ. ಗಾಯ ಪೂರ್ತಿ ಮಾಗಿದ ಮೇಲೆ, ಅದಕ್ಕೆ ಮೊದಲು ಬೇಡ, ಎಡಗೈಯನ್ನು ಕಾಗದದ ಮೇಲೆ ಅಗಲವಾಗಿ ಇಟ್ಟು ಪುಟ್ಟಿಯ ಕೈಯಲ್ಲಿ ಸುತ್ತ ಗೆರೆ ಎಳೆಸಿ. ಉಳಿದ ಬೆರಳುಗಳ ದಪ್ಪವನ್ನು ವರ್ನಿಯರಿನಲ್ಲಿ ಅಳೆದು ಪಕ್ಕದಲ್ಲಿ ಬರೆಯಿರಿ.

ನನಗೆ ಸಿಟ್ಟಿಲ್ಲ. ಸ್ವಲ್ಪ ಇತ್ತು, ಬರೆಯುತ್ತ ಬರೆಯುತ್ತ ಹೋಯಿತು. ಭಾನುವಾರ ಕರೆ ಮಾಡುತ್ತೇನೆ, ಟವಲು ಬೇಡ. ರಜೆಗೆ ಅರ್ಜಿ ಹಾಕಿದ್ದೇನೆ, ಯುಗಾದಿಗೆ ಆಗದಿದ್ದರೆ ಮೇ ತಿಂಗಳಿಗೆ ಖಂಡಿತ ಬರುತ್ತೇನೆ. ನಾನು ಚೆನ್ನಾಗಿದ್ದೇನೆ, ನಿಜವಾಗಿಯೂ ಚೆನ್ನಾಗಿದ್ದೇನೆ.

ಅಂಚೆಯವನ ಗಾಡಿ ಬಂದಿತು. ಅಮ್ಮನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು. ಪತ್ರ ಸಿಕ್ಕ ದಿನವೇ ತುಮಕೂರಿಗೆ ಹೋಗಿ.

ಇಂತಿ ನಿಮ್ಮ ಮಗ,
ಬಾಬು