ಭಾನುವಾರದ ಕೊಂಬು ಹವಳ ಪ್ರಾಕ್ಟಿಕಲ್

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10ಕ್ಕೆ ಮಣಿಪಾಲದ ನಮ್ಮ ಮನೆಯಲ್ಲಿ ಕೊಂಬಿನಾಕಾರದ ಒಂಟಿ ಹವಳದ (ಗುಂಪಾಗಿ ಅಲ್ಲ, ಒಂದೇ ಜೀವಿ ಕಟ್ಟಿದ್ದು) ಪಳೆಯುಳಿಕೆ ನೋಡುವ, ಚಿತ್ರ ಬರೆಯುವ ಕೆಲಸ. ಹೊಸಬರು ತಪ್ಪದೆ ಬನ್ನಿ.

ಮಾದರಿ ಒಂದೇ ಇದೆ, ಹೆಬ್ಬೆರಳಿನಷ್ಟು. ದಯವಿಟ್ಟು ಉಜ್ಜಬೇಡಿ, ಹೊರಗಿನ ಸುಕ್ಕುಗಳೇ ಅದರ ಬೆಳವಣಿಗೆಯ ಗುರುತು. ಡೆವೋನಿಯನ್ ಯುಗದ (ಸುಮಾರು 40 ಕೋಟಿ ವರ್ಷ ಹಿಂದಿನ) ಹವಳಗಳ ಇಂಥ ಸೂಕ್ಷ್ಮ ಗೆರೆಗಳನ್ನು ದಿನಕ್ಕೊಂದರಂತೆ ಎಣಿಸಿಯೇ ಪಳೆಯುಳಿಕೆ ತಜ್ಞ ಜಾನ್ ವೆಲ್ಸ್ 1963ರಲ್ಲಿ, ಆಗ ವರ್ಷಕ್ಕೆ ಸುಮಾರು 400 ದಿನ ಇತ್ತೆಂದು ತೋರಿಸಿದ್ದು. ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮೊದಲು ಮೇಲಿನ ಬಟ್ಟಲು ನೋಡಿ, ಜೀವಿ ಕೂತಿದ್ದ ಜಾಗ. ಮತ್ತೆ ಅದರೊಳಗಿನ ಉದ್ದ ಗೋಡೆಗಳಾದ ಸೆಪ್ಟಾ. ಅಡ್ಡ ತಟ್ಟೆಗಳು ಸೀಳಿದರೆ ಮಾತ್ರ ಕಾಣುತ್ತವೆ, ಅದಕ್ಕೆ ಫೋಟೋ ಇದೆ. ಮೊದಲ ಆರರ ನಂತರದ ಮುಖ್ಯ ಸೆಪ್ಟಾ ನಾಲ್ಕೇ ಕಡೆ ಸೇರಿದ್ದರೆ ಅದು ಕೊಂಬು ಹವಳಗಳ ಗುಂಪಾದ ರುಗೋಸಾ. ಆರೂ ಕಡೆ ಸೇರಿದರೆ ಇಂದಿನ ಹವಳಗಳ ಸ್ಕ್ಲೆರಾಕ್ಟಿನಿಯಾ. ರುಗೋಸಾ ಪರ್ಮಿಯನ್ ಅಂತ್ಯದಲ್ಲಿ, ಸುಮಾರು 25 ಕೋಟಿ ವರ್ಷಗಳ ಹಿಂದೆ, ಅಳಿದುಹೋಯಿತು.

ಇಂಥ ಪಳೆಯುಳಿಕೆ ಸೇಂಟ್ ಮೇರೀಸ್ ದ್ವೀಪದಲ್ಲಿ ಸಿಗಬಹುದಾ ಎಂದು ಕೇಳಿದವರಿಗೆ: ಇಲ್ಲ, ಅಲ್ಲಿನ ಕಂಬಗಲ್ಲು ಲಾವಾ ಗಟ್ಟಿಯಾಗಿ ಆದದ್ದು.

ಭೂತಗನ್ನಡಿ, ಪೆನ್ಸಿಲ್ ತನ್ನಿ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಊಟಕ್ಕೆ ಲೆಕ್ಕ ಬೇಕು.