ಕಸೂತಿ ಚೀಲದ ಒಳಮೈ ನೋಡಿ

ಮಾನ್ಯರೇ,

ನಾನು ಗಂಗಾವತಿಯಲ್ಲಿ ಮನೆಯಲ್ಲೇ ರೇಷ್ಮೆ ದಾರದ ಬಳೆ, ಜುಮುಕಿ ಮಾಡಿ ಮಾರುವವಳು. ಈಚೆಗೆ ಮೇಳವೊಂದರಲ್ಲಿ ಪಕ್ಕದ ಮಳಿಗೆಯಲ್ಲಿದ್ದ ಸಂಡೂರು ಕಡೆಯ ಲಂಬಾಣಿ ಅಕ್ಕನಿಂದ ಒಂದು ಕಸೂತಿ ಚೀಲ ಕೊಂಡೆ. ರಾತ್ರಿ ಅದನ್ನು ಒಳಹೊರಗು ಮಾಡಿ ನೋಡಿದೆ. ಕಾಸಿನಗಲದ ಕನ್ನಡಿಗಳನ್ನು ಅಂಟಿಸಿಲ್ಲ, ಸುತ್ತಲೂ ದಾರ ಹೆಣೆದು ನಿಲ್ಲಿಸಿದ್ದಾರೆ. ಅಂಚಿನ ಒಂದೊಂದು ಕವಡೆಗೂ ಬೇರೆ ಗಂಟು, ಒಂದು ಕಿತ್ತರೂ ಮತ್ತೊಂದು ಉದುರುವುದಿಲ್ಲ. ನಾನೂ ದಾರ ಹಿಡಿಯುವವಳು. ಅದು ವರ್ಷಗಟ್ಟಲೆ ಪಳಗಿದ ಕೈಗಷ್ಟೇ ಬರುವ ಹದ.

2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ವೇಳೆ ಇದೇ ಸಂಡೂರು ಕಸೂತಿಯ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಅದರ ಹಿಂದೆ ಇದ್ದದ್ದು 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳ ದುಡಿಮೆ. ನಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳದ ಮರದ ಗೊಂಬೆಗೂ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆನೆಗೊಂದಿಯಲ್ಲಿ ಬಾಳೆ ನಾರಿನ ಚೀಲ, ಬುಟ್ಟಿ ಹೆಣೆಯುತ್ತಾರೆ.

ಆದರೂ ಆ ಮೇಳದಲ್ಲಿ ಎಷ್ಟೋ ಜನ 'ಬಜಾರ್‌ನಾಗ ಇದರ ಅರ್ಧಕ್ಕ ಸಿಗತೈತಿ' ಎಂದು ಚೀಲ ಕೆಳಗಿಟ್ಟು ಹೋದರು. ಅಕ್ಕ ಏನೂ ಅನ್ನದೆ ಮತ್ತೆ ಮಡಚಿಡುತ್ತಿದ್ದರು. ನನಗೆ ತುಂಬಾ ಸಂಕಟವಾಯಿತು. ಬಜಾರಿನದು ಮಿಷನ್ ಹೊಲಿಗೆ, ಇದು ಬೆರಳಿನ ಕೆಲಸ. ಎರಡಕ್ಕೂ ಒಂದೇ ದರ ಹೇಗೆ?

ಗವಿಮಠದ ಜಾತ್ರೆಗೋ ಹಂಪಿ ಉತ್ಸವಕ್ಕೋ ಹೋದಾಗ ಇಂಥ ಮಳಿಗೆಯ ಮುಂದೆ ಒಂದು ಗಳಿಗೆ ನಿಲ್ಲಿ. ಚೀಲ ತಿರುವಿ ಒಳಹೊಲಿಗೆ ನೋಡಿ. ಮಾಡಿದವರನ್ನು ಮಾತನಾಡಿಸಿ. ತಂಗಿಯ ಮದುವೆಗೆ ಬರುವ ಬೀಗರಿಗೆ ಕೊಡಲು ನಾನು ಈ ಸಲ ಕಿನ್ನಾಳದ ಗೊಂಬೆಗಳನ್ನೇ ಹೇಳಿಟ್ಟಿದ್ದೇನೆ.

– ಓದುಗರೊಬ್ಬರು, ಗಂಗಾವತಿ